ಮಗಳು ಲೊಕೇಶನ್ ಆಫ್ ಮಾಡಿದ್ದಾಳೆ. ಆನ್ ಮಾಡು ಅನ್ನಬೇಕಾ, ಬಿಡಬೇಕಾ?

ವಿಜಯನಗರದಮ್ಮ

ನಮಸ್ಕಾರ. ಇಲ್ಲಿ ಸುಮ್ನೆ ಓದಿಕೊಂಡು ಹೋಗುವವಳು ನಾನು. ಇವತ್ತು ಕೇಳಲೇಬೇಕು ಅನ್ನಿಸಿತು.

ಮಗಳಿಗೆ 16. ಫಸ್ಟ್ ಪಿಯು, ಕಾಮರ್ಸ್. ಮನೆ ವಿಜಯನಗರ, ಕಾಲೇಜು ಜಯನಗರದ ಕಡೆ. ನೇರಳೆ ಮಾರ್ಗದಲ್ಲಿ ಮೆಜೆಸ್ಟಿಕ್‌ವರೆಗೆ ಹೋಗಿ, ಅಲ್ಲಿ ಇಳಿದು ಹಸಿರು ಮಾರ್ಗದ ಮೆಟ್ರೋ ಹಿಡಿಯಬೇಕು. ಎಸ್ಸೆಸ್ಸೆಲ್ಸಿ ಮುಗಿಯುವ ತನಕ ಶಾಲೆಯ ವ್ಯಾನ್ ಮನೆ ಬಾಗಿಲಿಗೇ ಬರುತ್ತಿತ್ತು. ಈಗ ಒಮ್ಮೆಲೇ ಮೆಜೆಸ್ಟಿಕ್. ಶುರುವಿನಲ್ಲಿ ಅವರಪ್ಪ ಜೊತೆಗೆ ಹೋಗಿ ಬರುತ್ತಿದ್ದರು. ಆಮೇಲೆ ಅವಳೇ "ಅಪ್ಪ ಸಾಕು, ಫ್ರೆಂಡ್ಸ್ ನೋಡ್ತಾರೆ" ಅಂದಳು.

ಆಗ ಮಾಡಿಕೊಂಡ ಒಪ್ಪಂದ ಏನೆಂದರೆ, ಫೋನಿನಲ್ಲಿ ಲೊಕೇಶನ್ ಸದಾ ಆನ್ ಇರಬೇಕು. ಮ್ಯಾಪಿನಲ್ಲಿ ಅವಳ ಫೋಟೋ ಇರುವ ಚುಕ್ಕಿ ಎಲ್ಲಿಗೆ ಬಂತು ಅಂತ ನಾನು ಆಫೀಸಿನಲ್ಲಿ ಕೂತು ನೋಡುತ್ತಿದ್ದೆ. ಮೆಜೆಸ್ಟಿಕ್ ನಿಲ್ದಾಣ ನೆಲದ ಕೆಳಗಿದೆ. ಅಲ್ಲಿ ಚುಕ್ಕಿ ಎಷ್ಟೋ ಸಲ ಅಲ್ಲಾಡದೆ ನಿಂತುಬಿಡುತ್ತದೆ. ಚುಕ್ಕಿ ನಿಂತರೆ ನನ್ನ ಕೆಲಸವೂ ನಿಲ್ಲುತ್ತಿತ್ತು.

ಕಳೆದ ವಾರ ಆಫ್ ಮಾಡಿದಳು. ಕದ್ದುಮುಚ್ಚಿ ಅಲ್ಲ, ಹೇಳಿಯೇ ಮಾಡಿದಳು. "ನಾನೇನು ಸ್ವಿಗ್ಗಿ ಆರ್ಡರಾ ಅಮ್ಮ, ಎಲ್ಲಿ ಬಂತು ಅಂತ ನೋಡ್ತಾ ಕೂರೋಕೆ?" ಅಂದಳು. ಅವರಪ್ಪ ನಕ್ಕರು. ನನಗೆ ನಗು ಬರಲಿಲ್ಲ.

ಇದರ ಜೊತೆಗೆ ದಸರಾ ರಜೆಗೆ ಇಬ್ಬರು ಗೆಳತಿಯರ ಜೊತೆ ರೈಲಿನಲ್ಲಿ ಮೈಸೂರಿಗೆ ಹೋಗಬೇಕಂತೆ. ಉಳಿಯುವುದು ನನ್ನ ಅಮ್ಮನ ಮನೆಯಲ್ಲೇ. ಆದರೆ ನಾವು ಯಾರೂ ಜೊತೆಗೆ ಬರಬಾರದು. ಮಗನಿಗೆ 13. ಅವನದು ಬೇರೆ ಕಥೆ, ಬಾಗಿಲು ಹಾಕಿಕೊಂಡರೆ ಊಟಕ್ಕೆ ಮಾತ್ರ ತೆಗೆಯುತ್ತಾನೆ. ಅವನ ವಿಷಯ ಆಮೇಲೆ ಕೇಳುತ್ತೇನೆ.

ಈ ವಯಸ್ಸಿನ ಮಕ್ಕಳಿರುವವರು ಹೇಳಿ. ಲೊಕೇಶನ್ ವಿಷಯದಲ್ಲಿ ನೀವು ಹಟ ಹಿಡಿಯುತ್ತೀರಾ?

ಹಾಸನದಪ್ಪ

ಹಿಡಿಯಲೇಬೇಕು ಮೇಡಂ. ಹೆಣ್ಣುಮಗು, ಅದರಲ್ಲೂ ಮೆಜೆಸ್ಟಿಕ್. ಫೋನ್ ಕೊಡಿಸಿದ್ದು ನೀವು, ಕರೆನ್ಸಿ ಹಾಕಿಸುವುದು ನೀವು. ಆನ್ ಇಟ್ಟರೆ ಫೋನ್, ಇಲ್ಲದಿದ್ದರೆ ಇಲ್ಲ. ಇದರಲ್ಲಿ ಚರ್ಚೆ ಮಾಡುವಂಥದ್ದು ಏನಿದೆ?

ಧಾರವಾಡದಕ್ಕ

ಅಕ್ಕಾ, ಒಂದು ಮಾತು ಕೇಳುತ್ತೇನೆ, ಬೇಜಾರು ಮಾಡಿಕೊಳ್ಳಬ್ಯಾಡ್ರಿ. ಚುಕ್ಕಿ ಮೆಜೆಸ್ಟಿಕ್‌ನಲ್ಲಿ ನಿಂತಾಗ ನೀವು ಏನು ಮಾಡುತ್ತಿದ್ದಿರಿ?

ವಿಜಯನಗರದಮ್ಮ

ಫೋನ್ ಮಾಡುತ್ತಿದ್ದೆ. ಎತ್ತದಿದ್ದರೆ ಮತ್ತೆ ಮಾಡುತ್ತಿದ್ದೆ.

ಧಾರವಾಡದಕ್ಕ

ಅಂದರೆ ಕೊನೆಗೆ ಕೆಲಸಕ್ಕೆ ಬಂದಿದ್ದು ಫೋನ್, ಮ್ಯಾಪ್ ಅಲ್ಲ. ಅಷ್ಟೇ ನನ್ನ ಪ್ರಶ್ನೆ. ನನ್ನ ಮಗ ಚಿಗರಿ ಬಸ್ಸಿನಲ್ಲಿ ಹುಬ್ಬಳ್ಳಿಗೆ ಓಡಾಡುತ್ತಾನೆ. ಮೊದಲು ನಾನೂ ನೋಡುತ್ತಿದ್ದೆ. ಬಸ್ಸು ನವನಗರ ದಾಟಿತು, ಉಣಕಲ್ ದಾಟಿತು ಅಂತ ನೋಡಿ ನೋಡಿ ನನ್ನ ತಲೆನೋವು ಜಾಸ್ತಿ ಆಯಿತೇ ಹೊರತು ಬಸ್ಸು ಬೇಗ ಮುಟ್ಟಲಿಲ್ಲ.

ಈಗ ನಮ್ಮಲ್ಲಿ ಇರುವುದು ಒಂದೇ ನಿಯಮ. ಮುಟ್ಟಿದ ಮೇಲೆ "ಮುಟ್ಟಿದೆ" ಅಂತ ಮೆಸೇಜ್ ಹಾಕಬೇಕು. ಹೇಳಿದ ಹೊತ್ತಿಗಿಂತ ತಡ ಆಗುತ್ತದೆ ಅಂದರೆ ತಡ ಆಗುವ ಮೊದಲೇ ಹೇಳಬೇಕು. ಎಲ್ಲಿ, ಯಾರ ಜೊತೆ, ಏನು ತಿಂದೆ ಅಂತ ಕೇಳುವುದನ್ನು ಬಿಟ್ಟಿದ್ದೇನೆ. ಬಿಟ್ಟ ಮೇಲೆ ಅವನೇ ಹೇಳುತ್ತಾನೆ, ಅದೂ ರಾತ್ರಿ ಹನ್ನೊಂದಕ್ಕೆ, ನನಗೆ ಕಣ್ಣು ಎಳೆಯುವಾಗ.

ಹಾಸ್ಟೆಲ್ ಹುಡುಗಿ 19

ಇಲ್ಲಿ ಎಲ್ಲರೂ ಅಪ್ಪ ಅಮ್ಮಂದಿರೇ ಇದ್ದೀರಿ, ನಾನು ಆ ಕಡೆಯವಳು. ದಾವಣಗೆರೆಯಲ್ಲಿ ಡಿಗ್ರಿ ಓದುತ್ತಿದ್ದೇನೆ. ಆಂಟಿ, ಒಂದು ವಿಷಯ ಹೇಳಲೇಬೇಕು.

ನಾನು ಪಿಯು ಓದಿದ ಹಾಸ್ಟೆಲಿನಲ್ಲಿ ಹೆಚ್ಚಿನವರ ಮನೆಯಲ್ಲಿ ಲೊಕೇಶನ್ ಕಡ್ಡಾಯ. ಹುಡುಗಿಯರು ಏನು ಮಾಡುತ್ತಿದ್ದರು ಗೊತ್ತಾ? ಸಿನಿಮಾಕ್ಕೆ ಹೋಗುವ ದಿನ ಎಲ್ಲರ ಫೋನುಗಳನ್ನೂ ಒಬ್ಬಳ ಬ್ಯಾಗಿಗೆ ಹಾಕಿ, ಆ ಬ್ಯಾಗನ್ನು ಲೈಬ್ರರಿಯಲ್ಲಿ ಇಟ್ಟು ಹೋಗುತ್ತಿದ್ದರು. ಮನೆಯವರ ಮ್ಯಾಪಿನಲ್ಲಿ ಮಕ್ಕಳೆಲ್ಲ ಸಂಜೆ ಏಳರವರೆಗೆ ಓದುತ್ತಾ ಕೂತಿದ್ದಾರೆ. ನಿಜಕ್ಕೂ ಊರ ಆ ತುದಿಯಲ್ಲಿ, ಕೈಯಲ್ಲಿ ಫೋನೇ ಇಲ್ಲ. ಆಟೋದವನು ಜಗಳ ತೆಗೆದರೆ, ಯಾರಿಗಾದರೂ ತಲೆ ತಿರುಗಿ ಬಿದ್ದರೆ, ಯಾರಿಗೆ ಫೋನ್ ಮಾಡುವುದು?

ನಮ್ಮಮ್ಮ ಮಾತ್ರ ಲೊಕೇಶನ್ ಕೇಳಲಿಲ್ಲ. "ಎಲ್ಲಿದ್ದರೂ ಪರವಾಗಿಲ್ಲ, ಸಿಕ್ಕಿಹಾಕಿಕೊಂಡರೆ ಫೋನ್ ಮಾಡು, ಆ ಹೊತ್ತಿಗೆ ಬೈಯಲ್ಲ, ಬೈಯುವುದನ್ನು ಮರುದಿನಕ್ಕೆ ಇಟ್ಟುಕೊಳ್ತೀನಿ" ಅಂದಿದ್ದರು. ಮರುದಿನ ಚೆನ್ನಾಗಿಯೇ ಬೈದರು, ಅದು ಬೇರೆ ಮಾತು. ಆದರೆ ಗುಂಪಿನಲ್ಲಿ ಯಾರಿಗೆ ಏನೇ ಆದರೂ ಎಲ್ಲರೂ ಫೋನ್ ಮಾಡಿಸುತ್ತಿದ್ದುದು ನನ್ನ ಅಮ್ಮನಿಗೇ.

ಹಾಸನದಪ್ಪ

ಇದನ್ನು ಓದಿ ನಿದ್ದೆ ಹೋಯಿತು. ಮಗಳನ್ನು ಹಾಸ್ಟೆಲಿಗೆ ಹಾಕಿದ್ದೇನೆ ನಾನು.

ಮೇಷ್ಟ್ರು ಪಿಯು

ಇಪ್ಪತ್ತು ವರ್ಷದಿಂದ ಪಿಯು ಮಕ್ಕಳಿಗೆ ಪಾಠ ಮಾಡುತ್ತಿದ್ದೇನೆ. ಬ್ಯಾಗಿನ ವಿಷಯ ನಮಗೆ ಹೊಸದಲ್ಲ. ಪಿಯುನಲ್ಲಿ ಶೇ. 75 ಹಾಜರಾತಿ ಬೇಕು, ಮಕ್ಕಳು ಆ ಲೆಕ್ಕ ಬಹಳ ಚೆನ್ನಾಗಿ ಇಡುತ್ತಾರೆ. ಅಕೌಂಟೆನ್ಸಿಯಲ್ಲಿ ಲೆಕ್ಕ ತಪ್ಪುವ ಹುಡುಗನಿಗೂ ಇನ್ನು ಎಷ್ಟು ಕ್ಲಾಸು ಬಿಡಬಹುದು ಅಂತ ಸರಿಯಾಗಿ ಗೊತ್ತಿರುತ್ತದೆ.

ನಾನು ಹೇಳಬೇಕಾದ್ದು ಸ್ವಲ್ಪ ಬೇರೆ. ಮಕ್ಕಳು ಎಲ್ಲಿದ್ದಾರೆ ಅನ್ನುವುದರ ಬಗ್ಗೆ ಇಷ್ಟು ಚಿಂತೆ ಮಾಡುವ ನಾವು, ಅವರು ಏನು ಮಾಡಬಲ್ಲರು ಅನ್ನುವುದನ್ನು ನೋಡುವುದಿಲ್ಲ. ಅಡ್ಮಿಷನ್ ದಿನ ಕೌಂಟರಿನಲ್ಲಿ ಅಪ್ಪ ಅರ್ಜಿ ತುಂಬುತ್ತಿರುತ್ತಾರೆ, ಮಗ ಹಿಂದೆ ನಿಂತು ಫೋನ್ ನೋಡುತ್ತಿರುತ್ತಾನೆ. ಅವನ ಆಧಾರ್ ಸಂಖ್ಯೆ ಅವನಿಗೆ ಗೊತ್ತಿಲ್ಲ. ಸ್ಕಾಲರ್‌ಶಿಪ್‌ಗೆ ಎಸ್‌ಎಸ್‌ಪಿ ಪೋರ್ಟಲಿನಲ್ಲಿ ಅರ್ಜಿ ಹಾಕುವಾಗ ಓಟಿಪಿ ಅಪ್ಪನ ಫೋನಿಗೆ ಹೋಗುತ್ತದೆ. ಅಪ್ಪ ಬಸ್ಸು ಓಡಿಸುತ್ತಿರುತ್ತಾರೆ ಅಥವಾ ಗದ್ದೆಯಲ್ಲಿರುತ್ತಾರೆ. ಹುಡುಗ ಸೈಬರ್ ಸೆಂಟರಿನಲ್ಲಿ "ಅಪ್ಪ, ಬಂತಾ? ಬಂತಾ?" ಅಂತ ಕೂಗುತ್ತಿರುವಾಗ ಓಟಿಪಿಯ ಸಮಯ ಮುಗಿದಿರುತ್ತದೆ. ಪ್ರತಿ ವರ್ಷ ನೋಡುತ್ತೇನೆ ಇದನ್ನು.

18 ಆಗುವ ತನಕ ಸಿಮ್ ಅವರ ಹೆಸರಿನಲ್ಲಿ ಸಿಗುವುದಿಲ್ಲ, ನಿಜ. ನಿಮ್ಮ ಹೆಸರಿನಲ್ಲೇ ಇರಲಿ, ಆದರೆ ಅವರ ಕೈಯಲ್ಲಿರುವ ನಂಬರನ್ನೇ ಅವರ ಆಧಾರ್‌ಗೆ ಜೋಡಿಸಿ. ಇನ್ನೊಂದು, 15 ತುಂಬಿದ ಮೇಲೆ ಆಧಾರ್‌ನಲ್ಲಿ ಬೆರಳಚ್ಚು, ಕಣ್ಣು ಎಲ್ಲ ಹೊಸದಾಗಿ ಕೊಡಬೇಕು. ಇದನ್ನು ಮರೆತು ಪರೀಕ್ಷೆಯ ಅರ್ಜಿ ಹೊತ್ತಿಗೆ ಓಡಾಡುವವರು ಬಹಳ. ಮಗಳನ್ನು ಒಬ್ಬಳೇ ಆಧಾರ್ ಕೇಂದ್ರಕ್ಕೆ ಕಳಿಸಿ. ಅಲ್ಲಿ ಟೋಕನ್ ತಗೊಂಡು, ಕಾದು, ತಪ್ಪಾದ ಸ್ಪೆಲ್ಲಿಂಗ್ ಬಗ್ಗೆ ಕೌಂಟರಿನವರ ಜೊತೆ ಮಾತಾಡಿ ಬಂದರೆ ಮೈಸೂರು ದೊಡ್ಡದೇನಲ್ಲ.

ಮೂಡಲಪಾಯ

ಮೇಷ್ಟ್ರೇ, ಚಪ್ಪಾಳೆ. ನನ್ನ ಮಗನಿಗೆ ಅಂಚೆ ಕಚೇರಿಯಲ್ಲಿ ಸ್ಪೀಡ್ ಪೋಸ್ಟ್ ಮಾಡಿ ಬಾ ಅಂದರೆ ಬೆವರುತ್ತಾನೆ. ಅದೇ ಫೋನಿನಲ್ಲಿ ಗೊತ್ತಿಲ್ಲದವರ ಜೊತೆ ಮಧ್ಯರಾತ್ರಿ ತನಕ ಗೇಮ್ ಆಡುತ್ತಾನೆ.

ನಿವೃತ್ತ

ಎಲ್ಲ ಓದಿದೆ. ನಮ್ಮ ಕಾಲದಲ್ಲಿ ಈ ಯಾವ ರಗಳೆಯೂ ಇರಲಿಲ್ಲ. ತುರುವೇಕೆರೆಯಿಂದ ತುಮಕೂರಿಗೆ ಒಬ್ಬನೇ ಹೋಗಿ ರೂಮು ಮಾಡಿಕೊಂಡು, ಸೀಮೆಎಣ್ಣೆ ಸ್ಟೋವಿನಲ್ಲಿ ಬೇಯಿಸಿಕೊಂಡು ಓದಿದೆ. ಅಪ್ಪನಿಗೆ ತಿಂಗಳಿಗೊಂದು ಇನ್‌ಲ್ಯಾಂಡ್ ಲೆಟರ್. ಈಗಿನ ತಂದೆ ತಾಯಿಗಳಿಗೆ ಧೈರ್ಯವೇ ಇಲ್ಲ.

ಶಿರಸಿ ಕಡೆಯವ

ಸರ್, ಗೌರವದಿಂದಲೇ ಹೇಳುತ್ತೇನೆ. ನಿಮ್ಮ ಕಾಲದಲ್ಲೂ ಕಾವಲು ಇತ್ತು, ಅದು ಅಪ್ಪನ ಕೈಯಲ್ಲಿ ಇರಲಿಲ್ಲ ಅಷ್ಟೆ. ನಾನು ಹೈಸ್ಕೂಲಿಗೆ ಹೋಗುವಾಗ ಪೇಟೆಯಲ್ಲಿ ಒಂದು ಬೀಡಿ ಕೈಗೆ ತಗೊಂಡರೆ ಸಂಜೆಯ ಕೊನೇ ಬಸ್ಸಿಗಿಂತ ಮೊದಲು ಸುದ್ದಿ ಮನೆಗೆ ಮುಟ್ಟುತ್ತಿತ್ತು. ಕಂಡಕ್ಟರಿಗೆ ನಮ್ಮೆಲ್ಲರ ಅಪ್ಪಂದಿರ ಹೆಸರು ಗೊತ್ತು. ಸೊಸೈಟಿಯವರಿಗೆ ಗೊತ್ತು. ರೂಮಿನ ಓನರ್ ಅಮ್ಮನಿಗೆ ಗೊತ್ತು. ವಿಜಯನಗರದ ಹುಡುಗಿಗೆ ಮೆಜೆಸ್ಟಿಕ್‌ನಲ್ಲಿ ಅಂಥವರು ಒಬ್ಬರೂ ಇಲ್ಲ. ಅದಕ್ಕೇ ಅವರ ಅಮ್ಮ ಮ್ಯಾಪ್ ನೋಡುತ್ತಾರೆ. ಧೈರ್ಯ ಕಡಿಮೆ ಅಂತ ಅಲ್ಲ.

ಇನ್ನೊಂದು, ನೀವು ಒಬ್ಬರೇ ತುಮಕೂರಿಗೆ ಹೋದಿರಿ. ನಿಮ್ಮ ತಂಗಿಯರು?

ನಿವೃತ್ತ

ತಂಗಿಯನ್ನು ಎಸ್ಸೆಸ್ಸೆಲ್ಸಿಗೇ ಬಿಡಿಸಿದ್ದರು. ಹೌದು, ಅದು ನಿಜ. ಚೆನ್ನಾಗಿ ಓದುತ್ತಿದ್ದಳು.

ಧಾರವಾಡದಕ್ಕ

ಇದನ್ನು ಒಪ್ಪಿಕೊಂಡಿದ್ದಕ್ಕೆ ಥ್ಯಾಂಕ್ಸ್ ರೀ ಸರ್. ಹೆಚ್ಚಿನವರು ಈ ಜಾಗದಲ್ಲಿ ಮಾತು ತಿರುಗಿಸುತ್ತಾರೆ.

ಹಾಸನದಪ್ಪ

ವಿಷಯ ಸ್ವಲ್ಪ ಬೇರೆ, ಆದರೂ ಇಲ್ಲೇ ಕೇಳುತ್ತೇನೆ. ಮಗನಿಗೆ 17. ಟ್ಯೂಷನ್ನು ಬೆಳಿಗ್ಗೆ ಆರಕ್ಕೆ, ಮನೆಯಿಂದ ನಾಲ್ಕು ಕಿಲೋಮೀಟರ್. ಆ ಹೊತ್ತಿಗೆ ಬಸ್ಸಿಲ್ಲ. ಮನೆಯಲ್ಲಿ ಸ್ಕೂಟರ್ ಇದೆ. ಅವನ ಕ್ಲಾಸಿನ ಅರ್ಧ ಹುಡುಗರು ಗಾಡಿಯಲ್ಲೇ ಬರುತ್ತಾರೆ. ಕೊಟ್ಟರೆ ಏನಾಗುತ್ತದೆ?

ಕರಿಕೋಟು

ಕೊಡಬೇಡಿ. ವಕೀಲನಾಗಿ ಹೇಳುತ್ತಿದ್ದೇನೆ.

2019ರಲ್ಲಿ ಮೋಟಾರು ವಾಹನ ಕಾಯ್ದೆಗೆ 199ಎ ಅನ್ನುವ ಕಲಂ ಸೇರಿಸಿದರು. ಅಪ್ರಾಪ್ತರು ಗಾಡಿ ಓಡಿಸಿ ಅಪರಾಧ ಆದರೆ ಪೋಷಕರನ್ನು ಅಥವಾ ಗಾಡಿಯ ಮಾಲೀಕರನ್ನು ತಪ್ಪಿತಸ್ಥರು ಅಂತಲೇ ಕಾನೂನು ನೋಡುತ್ತದೆ. ನನಗೆ ಗೊತ್ತೇ ಇರಲಿಲ್ಲ ಅಥವಾ ತಡೆಯಲು ಎಲ್ಲ ಪ್ರಯತ್ನ ಮಾಡಿದ್ದೆ ಅಂತ ನೀವೇ ಸಾಬೀತು ಮಾಡಬೇಕು. ಮೂರು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ. ಗಾಡಿಯ ನೋಂದಣಿ 12 ತಿಂಗಳು ರದ್ದು. ಹುಡುಗನಿಗೆ 25 ವರ್ಷ ತುಂಬುವ ತನಕ ಲೈಸೆನ್ಸ್ ಇಲ್ಲ. ಜನ ದಂಡವನ್ನಷ್ಟೇ ಲೆಕ್ಕ ಹಾಕುತ್ತಾರೆ, ಈ ಕೊನೆಯದನ್ನು ಮರೆಯುತ್ತಾರೆ. ಡಿಗ್ರಿ ಮುಗಿಸಿ ಕೆಲಸಕ್ಕೆ ಸೇರಿದ ಮೇಲೂ ಅವನು ಗಾಡಿ ಮುಟ್ಟುವಂತಿಲ್ಲ.

ಯಾರಿಗಾದರೂ ಪೆಟ್ಟಾದರೆ ವಿಮೆ ಇದೆಯಲ್ಲ ಅನ್ನಬೇಡಿ. ಲೈಸೆನ್ಸ್ ಇಲ್ಲದವರು ಓಡಿಸಿದ ಪ್ರಕರಣದಲ್ಲಿ ವಿಮಾ ಕಂಪನಿ ಗಾಯಾಳುವಿಗೆ ಕೊಟ್ಟ ಹಣವನ್ನು ಮಾಲೀಕರಿಂದ ವಾಪಸ್ ವಸೂಲಿ ಮಾಡಬಹುದು. ಮನೆ ಮಾರಿದವರನ್ನು ನೋಡಿದ್ದೇನೆ.

16 ತುಂಬಿದವರಿಗೆ 50 ಸಿಸಿ ದಾಟದ ಗಾಡಿಗೆ ಲೈಸೆನ್ಸ್ ಕೊಡಲು ಅವಕಾಶ ಇದೆ. ಆದರೆ ಅಂಥ ಗಾಡಿ ಈಗ ಅಂಗಡಿಯಲ್ಲಿ ಹುಡುಕಿದರೂ ಸಿಗುವುದು ಕಷ್ಟ. ನಿಮ್ಮ ಮನೆಯ ಸ್ಕೂಟರ್ 110 ಅಥವಾ 125 ಸಿಸಿ ಇರುತ್ತದೆ. ಉಳಿದದ್ದು ಗಂಟೆಗೆ 25 ಕಿಲೋಮೀಟರ್ ಮೀರದ, 250 ವ್ಯಾಟ್ ಒಳಗಿನ ಎಲೆಕ್ಟ್ರಿಕ್ ಗಾಡಿ. ಅದಕ್ಕೆ ಲೈಸೆನ್ಸೂ ಬೇಡ, ನೋಂದಣಿಯೂ ಬೇಡ. ಕೊಳ್ಳುವಾಗ ಅಂಗಡಿಯವನ ಮಾತಲ್ಲ, ಕಾಗದ ನೋಡಿ. ಹೆಲ್ಮೆಟ್ ಹಾಕಿಸಿ. ಅಥವಾ ಸೈಕಲ್ ಕೊಡಿಸಿ, ನಾಲ್ಕು ಕಿಲೋಮೀಟರ್ ಏನು ಮಹಾ.

ಹಾಸನದಪ್ಪ

ಸೈಕಲ್ ಅಂದರೆ ಮರ್ಯಾದೆ ಹೋಗುತ್ತದಂತೆ ಅವನಿಗೆ.

ಕರಿಕೋಟು

ಗೇರ್ ಇರುವ ಸೈಕಲ್ ಕೊಡಿಸಿ, ಮರ್ಯಾದೆ ವಾಪಸ್ ಬರುತ್ತದೆ.

ಎಡಿಸನ್ ಕನ್ನಡತಿ

ನ್ಯೂಜೆರ್ಸಿಯಿಂದ ಓದುತ್ತಿದ್ದೇನೆ. ಇಲ್ಲಿ ಗಾಡಿ ಇಲ್ಲದೆ ಏನೂ ಆಗುವುದಿಲ್ಲ, ಹಾಗಾಗಿ ಕೊಡುವ ಕ್ರಮವನ್ನೇ ಕಾನೂನಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಇಟ್ಟಿದ್ದಾರೆ. 16ಕ್ಕೆ ಕಲಿಯುವ ಪರ್ಮಿಟ್, ಅದಕ್ಕೆ ಆರು ಗಂಟೆ ಡ್ರೈವಿಂಗ್ ಶಾಲೆಯವರ ಜೊತೆ ಓಡಿಸಲೇಬೇಕು. 17ಕ್ಕೆ ಒಬ್ಬರೇ ಓಡಿಸಬಹುದು, ಆದರೆ ರಾತ್ರಿ 11 ದಾಟಿದ ಮೇಲೆ ಬೆಳಗಿನ ಜಾವ 5ರ ತನಕ ಇಲ್ಲ. ಜೊತೆಗೆ ಗೆಳೆಯರನ್ನು ತುಂಬಿಕೊಂಡು ಹೋಗುವ ಹಾಗಿಲ್ಲ, ಒಬ್ಬರಷ್ಟೇ. ನಂಬರ್ ಪ್ಲೇಟಿನ ಮೇಲೆ ಚಿಕ್ಕ ಕೆಂಪು ಗುರುತು ಅಂಟಿಸಬೇಕು. ಪೂರ್ತಿ ಲೈಸೆನ್ಸ್ 18ಕ್ಕೆ.

ಮಗನಿಗೆ ಆ ಕೆಂಪು ಗುರುತು ಕಂಡರೆ ಸಿಟ್ಟು. ನನಗೆ ಮಾತ್ರ ಅದು ಅನುಕೂಲ. "ಹತ್ತೂವರೆಗೆ ಮನೆಗೆ ಬಾ" ಅನ್ನುವವಳು ಅಮ್ಮ ಅಲ್ಲ, ಸರ್ಕಾರ. ಜಗಳ ಅವರ ಜೊತೆ ಮಾಡಿಕೊಳ್ಳಲಿ. ಬೆಂಗಳೂರಿನ ಅಮ್ಮಂದಿರಿಗೆ ಈ ಅನುಕೂಲ ಇಲ್ಲ, ಎಲ್ಲ ಗೆರೆಯನ್ನೂ ಅವರೇ ಎಳೆಯಬೇಕು, ಅವರೇ ಕೆಟ್ಟವರಾಗಬೇಕು. ಊರಲ್ಲಿರುವ ಅಕ್ಕನ ಜೊತೆ ಮಾತಾಡುವಾಗಲೆಲ್ಲ ಇದೇ ಅನ್ನಿಸುತ್ತದೆ.

ವಿಜಯನಗರದಮ್ಮ

ಎಲ್ಲ ಓದಿದೆ. ಬ್ಯಾಗಿನ ಕಥೆಯನ್ನು ಮಗಳಿಗೂ ಓದಿ ಹೇಳಿದೆ. "ಗೊತ್ತು ಅಮ್ಮ, ನಮ್ಮ ಕ್ಲಾಸಲ್ಲೂ ಮಾಡ್ತಾರೆ" ಅಂದಳು, ದೋಸೆ ತಿನ್ನುತ್ತಾ. ಅಂದರೆ ಹೇಳಿ ಆಫ್ ಮಾಡಿದ್ದೇ ದೊಡ್ಡದು ಅಂತಾಯಿತು.

ಸರಿ, ಲೊಕೇಶನ್ ಬಿಡೋಣ. ಅದರ ಬದಲು ಏನು ಕೇಳಲಿ? "ಹುಷಾರಾಗಿರು" ಅಂದರೆ ಅವಳಿಗೂ ಏನೂ ಅರ್ಥವಾಗುವುದಿಲ್ಲ, ನನಗೂ ಸಮಾಧಾನ ಇಲ್ಲ.

ಬಸ್‌ಪಾಸ್

ಇದು ನನ್ನ ಇಲಾಖೆ. ಮೂರು ಮಕ್ಕಳು, ಮೂವರೂ ಬೆಂಗಳೂರಿನ ಬಸ್ಸು ಮೆಟ್ರೋದಲ್ಲೇ ಬೆಳೆದವರು.

ಎಲ್ಲಕ್ಕಿಂತ ಮೊದಲು ಫೋನ್ ಸತ್ತುಹೋದರೆ ಏನು ಅಂತ ಕೇಳಿ. ಈಗಿನ ಮಕ್ಕಳು ಮೆಟ್ರೋ ಟಿಕೆಟನ್ನು ಫೋನಿನ ಕ್ಯೂಆರ್‌ನಲ್ಲೇ ತಗೊಳ್ಳುತ್ತಾರೆ. ಒಳಗೆ ಹೋದ ಮೇಲೆ ಚಾರ್ಜ್ ಮುಗಿದರೆ ಹೊರಗೆ ಬರುವ ಗೇಟಿನಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೆ. ದುಡ್ಡೂ ಫೋನಿನಲ್ಲೇ, ಅಮ್ಮನ ನಂಬರೂ ಫೋನಿನಲ್ಲೇ. ಹಾಗಾಗಿ ಮೆಟ್ರೋ ಸ್ಮಾರ್ಟ್ ಕಾರ್ಡ್ ಇರಲಿ. ಬ್ಯಾಗಿನ ಒಳಜೇಬಿನಲ್ಲಿ ಇನ್ನೂರು ರೂಪಾಯಿ ನೋಟಾಗಿ ಇರಲಿ. ಇಬ್ಬರ ನಂಬರು ಬಾಯಿಪಾಠ ಬರಲಿ. ಇವತ್ತೇ ಪರೀಕ್ಷೆ ಮಾಡಿ ನೋಡಿ, ನಿಮ್ಮ ಮಗಳಿಗೆ ನಿಮ್ಮ ನಂಬರು ಬಾಯಲ್ಲಿ ಬರುವುದಿಲ್ಲ ಅಂತ ಬೆಟ್ ಕಟ್ಟುತ್ತೇನೆ.

ಆಮೇಲೆ ಮೆಟ್ರೋ ನಿಂತರೆ ಏನು ಅಂತ ಕೇಳಿ. ನಿಲ್ಲುತ್ತದೆ, ಎಲ್ಲರಿಗೂ ಗೊತ್ತಿದೆ. ಆಗ ಮೆಜೆಸ್ಟಿಕ್ ಬಸ್ ನಿಲ್ದಾಣಕ್ಕೆ ಹೇಗೆ ಹೋಗಬೇಕು, ವಿಜಯನಗರದ ಬಸ್ಸು ಯಾವ ಪ್ಲಾಟ್‌ಫಾರಂನಲ್ಲಿ ನಿಲ್ಲುತ್ತದೆ ಅಂತ ಒಂದು ಭಾನುವಾರ ಅವಳೇ ಹುಡುಕಲಿ. ನೀವು ಹಿಂದೆ ಹಿಂದೆ ಹೋಗಿ, ಬಾಯಿ ಬಿಡಬೇಡಿ. ಇದು ಬಹಳ ಕಷ್ಟದ ಕೆಲಸ, ಮೊದಲೇ ಹೇಳಿಬಿಡುತ್ತೇನೆ. ಎದುರಿಗೇ ಬೋರ್ಡ್ ಇರುತ್ತದೆ, ಮಗು ಇನ್ನೊಂದು ದಿಕ್ಕಿಗೆ ನಡೆಯುತ್ತಿರುತ್ತದೆ, ನಿಮ್ಮ ನಾಲಿಗೆ ತುದಿಯವರೆಗೆ ಬಂದಿರುತ್ತದೆ.

ಆಧಾರ್ ಕಾರ್ಡ್ ಬ್ಯಾಗಿನಲ್ಲಿ ಇರಲಿ. ಹೆಂಗಸರಿಗೆ ಸರ್ಕಾರಿ ಬಸ್ಸು ಫ್ರೀ ಮಾಡಿದ ಶಕ್ತಿ ಯೋಜನೆ 2023ರ ಜೂನ್ 11ಕ್ಕೆ ಶುರುವಾದಾಗಿನಿಂದ ನನ್ನ ಹೆಣ್ಣುಮಕ್ಕಳಿಬ್ಬರೂ ಊರಿಡೀ ತಿರುಗಿದ್ದಾರೆ. ಯಾವ ಬಸ್ಸು ಎಲ್ಲಿಗೆ ಅಂತ ಮನೆಯಲ್ಲಿ ಅವರಿಗೇ ಚೆನ್ನಾಗಿ ಗೊತ್ತು. ಮಗ ಮಾತ್ರ "ನನಗ್ಯಾಕೆ ಟಿಕೆಟ್" ಅಂತ ಗೊಣಗುತ್ತಾನೆ. ಎಸಿ ಬಸ್ಸಿಗೆ ಇದು ನಡೆಯುವುದಿಲ್ಲ, ಅದನ್ನೂ ಹೇಳಿಡಿ. ಮತ್ತೆ 112, ಯಾವ ಫೋನಿನಿಂದಲೂ.

ವಿಜಯನಗರದಮ್ಮ

ಬೆಟ್ ಗೆದ್ದಿರಿ. ಅಪ್ಪನ ನಂಬರಿನ ಕೊನೆಯ ನಾಲ್ಕು ಅಂಕಿ ಬಂತು, ನನ್ನದು ಅದೂ ಇಲ್ಲ.

ಕೊಡಗಿನ ಕಾಫಿ

ದುಡ್ಡಿನ ವಿಷಯ ಯಾರೂ ಎತ್ತಲಿಲ್ಲ. ನಮ್ಮ ಮನೆಯ ದಿನಾ ಜಗಳ ಅದೇ. ಹದಿನೈದರ ಹುಡುಗ ದಿನಕ್ಕೆ ಹತ್ತು ಸಲ "ಅಪ್ಪ, ಸ್ಕ್ಯಾನರ್ ಕಳಿಸಿದೀನಿ, ಐವತ್ತು ಹಾಕು" ಅಂತಾನೆ. ಎಸ್ಟೇಟಿನಲ್ಲಿ ನೆಟ್‌ವರ್ಕ್ ಇರುವುದಿಲ್ಲ. ಅವನು ಬೇಕರಿ ಮುಂದೆ ಕಾಯುತ್ತಾ ನಿಂತಿರುತ್ತಾನೆ.

ಬ್ಯಾಂಕಿನವಳು

10 ವರ್ಷ ದಾಟಿದ ಮಕ್ಕಳು ತಾವೇ ನಡೆಸುವ ಉಳಿತಾಯ ಖಾತೆ ತೆರೆಯಬಹುದು. 2025ರಲ್ಲಿ ರಿಸರ್ವ್ ಬ್ಯಾಂಕ್ ಇದನ್ನು ಮತ್ತೆ ಸ್ಪಷ್ಟ ಮಾಡಿದೆ. ಎಷ್ಟು ದುಡ್ಡಿನವರೆಗೆ, ಎಟಿಎಂ ಕಾರ್ಡ್ ಕೊಡಬೇಕಾ ಅನ್ನುವುದು ಆಯಾ ಬ್ಯಾಂಕಿಗೆ ಬಿಟ್ಟದ್ದು. ಸಾಲ ಮಾತ್ರ ಆಗುವಂತಿಲ್ಲ, ಖಾತೆಯಲ್ಲಿ ಇದ್ದಷ್ಟೇ ಖರ್ಚು.

ಇನ್ನೊಂದು ದಾರಿ ಯುಪಿಐ ಸರ್ಕಲ್, 2024ರಲ್ಲಿ ಬಂತು. ನಿಮ್ಮ ಖಾತೆಯಿಂದಲೇ ಮಗ ತನ್ನ ಫೋನಿನಲ್ಲಿ ಪಾವತಿ ಮಾಡುತ್ತಾನೆ. ಪ್ರತಿ ಪಾವತಿಗೂ ನೀವು ಒಪ್ಪಿಗೆ ಕೊಡುವ ಹಾಗೆ ಇಡಬಹುದು. ಇಲ್ಲವೇ ತಿಂಗಳ ಮಿತಿ ಹಾಕಿ ಪೂರ್ತಿ ಬಿಡಬಹುದು, ಆ ಮಿತಿ ಹೆಚ್ಚೆಂದರೆ 15,000. ನೆಟ್‌ವರ್ಕ್ ಇಲ್ಲದ ನಿಮಗೆ ಎರಡನೆಯದೇ ಸರಿ. ಮಿತಿಯನ್ನು ಸಾವಿರಕ್ಕೋ ಎರಡು ಸಾವಿರಕ್ಕೋ ಇಡಿ.

ಬ್ಯಾಂಕಿನವಳಾಗಿ ಇಷ್ಟು. ಅಮ್ಮನಾಗಿ ಹೇಳುವುದಾದರೆ, ತಿಂಗಳ ದುಡ್ಡು ಒಂದೇ ಸಲ ಕೊಟ್ಟುಬಿಡಿ, ಹತ್ತನೇ ತಾರೀಕಿಗೆ ಖಾಲಿ ಆದರೆ ಮತ್ತೆ ಹಾಕಬೇಡಿ. ನನ್ನ ಮಗಳು ಮೊದಲ ತಿಂಗಳು ಹಾಗೇ ಖಾಲಿ ಮಾಡಿ, ಉಳಿದ ದಿನ ಕ್ಯಾಂಟೀನಿನ ಪಫ್ಸ್ ಬಿಟ್ಟು ಮನೆಯ ಚಿತ್ರಾನ್ನ ಒಯ್ದಳು. ಏನು ಖರ್ಚಾಯಿತು ಅಂತ ನಾನು ಕೇಳಲಿಲ್ಲ. ಸ್ಟೇಟ್‌ಮೆಂಟ್ ನೋಡುವ ಆಸೆ ಆಗುತ್ತದೆ, ಬ್ಯಾಂಕಿನವರಿಗೆ ಇನ್ನೂ ಜಾಸ್ತಿ. ಅದೂ ಒಂದು ಲೊಕೇಶನ್ನೇ, ಅಲ್ವಾ?

ಮೂಡಲಪಾಯ

ವಿಜಯನಗರದ ಮೇಡಂ, ಬಾಗಿಲು ಹಾಕಿಕೊಳ್ಳುವ ಮಗನ ವಿಷಯ ಆಮೇಲೆ ಅಂದಿರಿ. ಈಗ ಹೇಳಿ. ನಮ್ಮದೂ ಅದೇ ಜಾತಿ.

ವಿಜಯನಗರದಮ್ಮ

ಹೇಳುವುದಕ್ಕೆ ಏನೂ ಇಲ್ಲ, ಅದೇ ಸಮಸ್ಯೆ. ಸ್ಕೂಲಿಂದ ಬರುತ್ತಾನೆ, ಬಾಗಿಲು ಹಾಕುತ್ತಾನೆ. ಹೇಗಿತ್ತು ಅಂದರೆ "ಹ್ಞೂಂ". ಏನಾದ್ರೂ ಆಯ್ತಾ ಅಂದರೆ "ಉಹ್ಞೂಂ". ಭಾನುವಾರ ಹನ್ನೊಂದಕ್ಕೆ ಏಳುತ್ತಾನೆ. ನಮ್ಮತ್ತೆ "ಸೂರ್ಯ ನೆತ್ತಿಗೆ ಬಂದರೂ ಏಳಲ್ಲ" ಅಂತ ಬಾಗಿಲ ಮುಂದೆಯೇ ಸುಪ್ರಭಾತ ಹಾಕುತ್ತಾರೆ. ವರ್ಷದ ಹಿಂದೆ ಇದೇ ಹುಡುಗ ನನ್ನ ಸೆರಗು ಬಿಡುತ್ತಿರಲಿಲ್ಲ.

ನರ್ಸಕ್ಕ

ನಿದ್ದೆ ಬಗ್ಗೆ ಅತ್ತೆಯವರಿಗೆ ಇದನ್ನು ಹೇಳಿ. ಈ ವಯಸ್ಸಿನಲ್ಲಿ ದೇಹದ ಗಡಿಯಾರವೇ ಹಿಂದಕ್ಕೆ ಸರಿಯುತ್ತದೆ. ನಿದ್ದೆ ಬರಿಸುವ ಮೆಲಟೋನಿನ್ ರಾತ್ರಿ ತಡವಾಗಿ ಏರುತ್ತದೆ. ಬೇಗ ಮಲಗು ಅಂದರೆ ಅವರಿಗೆ ನಿದ್ದೆಯೇ ಬರುವುದಿಲ್ಲ. 13ರಿಂದ 18ರ ಮಕ್ಕಳಿಗೆ 8ರಿಂದ 10 ಗಂಟೆ ನಿದ್ದೆ ಬೇಕು. ಬೆಳಿಗ್ಗೆ ಆರಕ್ಕೆ ಟ್ಯೂಷನ್ ಇಟ್ಟರೆ ಎಲ್ಲಿಂದ ಬರಬೇಕು? ವಾರವಿಡೀ ಬಾಕಿ ಉಳಿದಿದ್ದನ್ನು ಭಾನುವಾರ ತೀರಿಸುತ್ತಾರೆ. ಹಾಗಂತ ಫೋನ್ ಹಾಸಿಗೆಯಲ್ಲಿ ಇರಬೇಕಾಗಿಲ್ಲ. ನಮ್ಮಲ್ಲಿ ರಾತ್ರಿ ಎಲ್ಲರ ಫೋನೂ ಹಾಲಿನ ಶೆಲ್ಫಿನಲ್ಲಿ ಚಾರ್ಜ್ ಆಗುತ್ತದೆ, ನನ್ನದೂ ನನ್ನ ಗಂಡನದೂ ಸೇರಿ. ಗಂಡನನ್ನು ಒಪ್ಪಿಸುವುದೇ ಕಷ್ಟವಾಯಿತು.

ಬಾಗಿಲು ಹಾಕಿಕೊಳ್ಳುವುದಷ್ಟೇ ಆದರೆ ಚಿಂತೆ ಬೇಡ. ಊಟಕ್ಕೆ ಬರುತ್ತಾನೆ, ಗೆಳೆಯರಿದ್ದಾರೆ, ಆಟ ಇದೆ ಅಂದರೆ ಅದು ವಯಸ್ಸು. ಊಟ ಬಿಟ್ಟ, ಗೆಳೆಯರನ್ನು ಬಿಟ್ಟ, ಇಷ್ಟದ ಕ್ರಿಕೆಟ್ಟನ್ನೂ ಬಿಟ್ಟ, ಎರಡು ವಾರ ಹೀಗೇ ಇದ್ದಾನೆ ಅಂದರೆ ಆಗ ಸುಮ್ಮನಿರಬೇಡಿ. ಟೆಲಿಮಾನಸ್ ಅಂತ ಸರ್ಕಾರದ ಸಹಾಯವಾಣಿ ಇದೆ, 14416. ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು, ಅಪ್ಪ ಅಮ್ಮನೂ ಮಾಡಬಹುದು.

ಮತ್ತೆ ಎದುರು ಕೂರಿಸಿ ಮಾತಾಡಿಸಬೇಡಿ. ಕೈಗೆ ಕೆಲಸ ಕೊಡಿ. ನನ್ನ ಮಗ ಅವರೆಕಾಳು ಹಿತುಕುವಾಗ ಹೇಳಿದಷ್ಟು ಬೇರೆ ಯಾವಾಗಲೂ ಹೇಳಿಲ್ಲ. ಕಣ್ಣು ಕಾಳಿನ ಮೇಲೆ ಇರುತ್ತದೆ, ಬಾಯಿ ತಾನಾಗಿ ಬಿಡುತ್ತದೆ.

ಶಿರಸಿ ಕಡೆಯವ

ನಮ್ಮಲ್ಲಿ ಅಡಿಕೆ ಸುಲಿಯುವಾಗ. ಖರೆ ಮಾತು.

ಹಾಸ್ಟೆಲ್ ಹುಡುಗಿ 19

ಆಂಟಿ, ಬಾಗಿಲು ತಟ್ಟಿ ಒಳಗೆ ಹೋಗಿ. ತಟ್ಟುತ್ತಾ ತೆಗೆಯುವುದಲ್ಲ. ತಟ್ಟಿ, ನಿಂತು, ಅವನು "ಬಾ" ಅಂದ ಮೇಲೆ.

ವಿಜಯನಗರದಮ್ಮ

ಎರಡಕ್ಕೂ ವ್ಯತ್ಯಾಸ ಇದೆ ಅಂತ ಮಗಳೂ ಹೇಳುತ್ತಿರುತ್ತಾಳೆ.

ನಿನ್ನೆ ರಾತ್ರಿ ಕೂತು ಮಾತಾಡಿದೆವು. ಲೊಕೇಶನ್ ದಿನಾ ಬೇಡ. ಕಾಲೇಜು ಮುಟ್ಟಿದ ಮೇಲೆ ಒಂದು ಮೆಸೇಜ್, ತಡವಾಗುವುದಾದರೆ ಮೊದಲೇ ಒಂದು ಮೆಸೇಜ್. ಕತ್ತಲಾದ ಮೇಲೆ ಆಟೋ ಹತ್ತಿದರೆ ಅವಳೇ ವಾಟ್ಸಾಪ್‌ನಲ್ಲಿ ಲೈವ್ ಲೊಕೇಶನ್ ಒಂದು ಗಂಟೆಗೆ ಹಾಕುತ್ತಾಳೆ, ಅದು ತಾನಾಗೇ ನಿಲ್ಲುತ್ತದೆ. ಸ್ಮಾರ್ಟ್ ಕಾರ್ಡ್ ತಂದಾಯಿತು. ನನ್ನ ನಂಬರು ಕಲಿತಳು, ಅವಳ ನಂಬರನ್ನು ನನಗೂ ಕೇಳಿದಳು. ನನಗೂ ಬರಲಿಲ್ಲ.

ಮೈಸೂರಿಗೆ ಹೂಂ ಅಂದಿದ್ದೇವೆ. ಹಗಲಿನ ರೈಲು, ಕಾಯ್ದಿರಿಸಿದ ಸೀಟು. ದಸರಾ ಗದ್ದಲದಲ್ಲಿ ಜನರಲ್ ಬೋಗಿ ಬೇಡ ಅನ್ನುವುದೊಂದೇ ನನ್ನ ಹಟ. ಟಿಕೆಟ್ ಅವರೇ ಹುಡುಕುತ್ತಿದ್ದಾರೆ. ಜಂಬೂಸವಾರಿ ದಿನ ಅರಮನೆ ಕಡೆ ಹೋಗುವುದಾದರೆ ನನ್ನ ತಮ್ಮ ಜೊತೆಗಿರುತ್ತಾನೆ. ಅದಕ್ಕೆ ಮೂವರೂ ಮುಖ ಊದಿಸಿದರು, ಆದರೂ ಬಿಡಲಿಲ್ಲ ನಾನು.

ಅತ್ತೆ ಒಪ್ಪಿಲ್ಲ. ಮೂರು ದಿನದಿಂದ ನನ್ನ ಜೊತೆ ಮಾತು ಕಡಿಮೆ.

ಕೊನೆಗೆ ಮಗಳು ಒಂದು ಷರತ್ತು ಇಟ್ಟಳು. ತಮ್ಮನಿಗೆ 16 ಆದಾಗ ಇವೇ ನಿಯಮ ಇರಬೇಕಂತೆ. ಅವನೂ ತಡವಾದರೆ ಹೇಳಬೇಕು, ಅವನೂ ಆಟೋ ಹತ್ತಿದರೆ ಲೊಕೇಶನ್ ಹಾಕಬೇಕು. "ಗಂಡುಹುಡುಗ ಬಿಡು ಅಂತ ಅಜ್ಜಿ ಅಂದ್ರೆ ನೀನು ಸುಮ್ನಿರಬಾರದು. ಈಗಲೇ ಬರೆದುಕೊಡು" ಅಂತ ಪೆನ್ನು ಕೊಟ್ಟಳು. ನಾನಿನ್ನೂ ಬರೆದಿಲ್ಲ. ಬರೆದರೆ ಅದನ್ನು ಫ್ರಿಜ್ ಮೇಲೆ ಅಂಟಿಸುತ್ತಾಳೆ, ಅತ್ತೆ ಓದುತ್ತಾರೆ.

ನಿವೃತ್ತ

ಬರೆದುಕೊಡಿ ಅಮ್ಮ.

ಧಾರವಾಡದಕ್ಕ

ಬರೀರಿ ಅಕ್ಕಾ, ಕೆಳಗೆ ಅವರಪ್ಪನ ಸಹಿಯನ್ನೂ ಹಾಕಿಸಿರಿ. ಅತ್ತೆ ಓದಿದ ಮೇಲೆ ಏನಾಯಿತು ಅಂತ ಇಲ್ಲಿ ಹೇಳಲೇಬೇಕು.